‘ಅಲ್ಲ’ ಎನ್ನಲು ಕಲಿಸುವ ಒಗಟು

(ಉಳ್ಳಾಲದಲ್ಲಿ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮಲ್ಲಿ ಯಾರಿಗೂ ಹೊಸದಲ್ಲದ ಒಂದು ಒಗಟಿನಿಂದ ಆರಂಭಿಸುತ್ತೇನೆ. ಮರದ ತುದಿಯಲ್ಲಿ ಅದರ ವಾಸ, ಆದರೆ ಹಕ್ಕಿಯಲ್ಲ. ಮೂರು ಕಣ್ಣುಂಟು, ಆದರೆ ಶಿವನಲ್ಲ. ಹೊಟ್ಟೆಯಲ್ಲಿ ನೀರುಂಟು, ಆದರೆ ಕೊಡವಲ್ಲ. ಕರಾವಳಿಯ ಮಗುವಿಗೆ ಇದರ ಉತ್ತರ ಹೇಳಿಕೊಡಬೇಕಾಗಿಲ್ಲ. ಹಿತ್ತಿಲಲ್ಲೇ ತೆಂಗಿನಮರ ನಿಂತಿದೆ. ಇದೇ ಒಗಟು ಸಂಸ್ಕೃತದ ಸುಭಾಷಿತದಲ್ಲೂ ಇದೆ, ಓದು ಬಾರದ ಅಜ್ಜಿಯ ಬಾಯಲ್ಲೂ ಇದೆ.

ಇದರಲ್ಲಿ ‘ಅಲ್ಲ’ ಎಂಬ ಮಾತು ಎಷ್ಟು ಸಲ ಬಂತು ಎಂಬುದನ್ನು ಗಮನಿಸಿ. ಒಗಟು ಮೊದಲು ಒಂದು ಆಸೆ ತೋರಿಸುತ್ತದೆ. ಮೂರು ಕಣ್ಣು ಎಂದೊಡನೆ ನಮ್ಮ ಬುದ್ಧಿ ಶಿವನ ಕಡೆಗೆ ಓಡುತ್ತದೆ. ಓಡಿದ ಬುದ್ಧಿಯನ್ನು ಮರುಕ್ಷಣವೇ ‘ಅಲ್ಲ’ ಎಂದು ಹಿಡಿದು ನಿಲ್ಲಿಸುತ್ತದೆ. ಮೊದಲು ಹೊಳೆದ ಉತ್ತರವನ್ನು ಕೈಬಿಟ್ಟು, ಎಲ್ಲ ಸುಳಿವುಗಳಿಗೂ ಒಪ್ಪುವ ಇನ್ನೊಂದನ್ನು ಹುಡುಕು ಎನ್ನುತ್ತದೆ. ಒಗಟಿನಿಂದ ಜ್ಞಾಪಕಶಕ್ತಿ ಬೆಳೆಯುತ್ತದೆ, ಕಾಲ ಕಳೆಯುತ್ತದೆ ಎಂದೆಲ್ಲ ಹೇಳುವುದುಂಟು. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಪಾಠ ಈ ‘ಅಲ್ಲ’ದಲ್ಲಿದೆ.

ಒಗಟಿಗೆ ನಮ್ಮಲ್ಲಿ ಹೆಸರುಗಳು ಹಲವು. ಕನ್ನಡದಲ್ಲಿ ಒಗಟು, ಒಡಪು. ಕನಕದಾಸರ ಹಾಡುಗಳಲ್ಲಿ ಅದು ಮುಂಡಿಗೆ. ಅಲ್ಲಮಪ್ರಭುವಿನಲ್ಲಿ ಬೆಡಗಿನ ವಚನ. ನಮ್ಮ ತುಳುವಿನಲ್ಲಿ ಅದು ಎದುರುಕತೆ. ಈ ಹೆಸರು ನನಗೆ ಬಹಳ ಇಷ್ಟ. ಸಾಮಾನ್ಯ ಕತೆಯನ್ನು ನಾವು ಕುಳಿತು ಕೇಳುತ್ತೇವೆ. ಎದುರುಕತೆ ನಮ್ಮೆದುರು ಬಂದು ನಿಂತು, ಈಗ ನೀನು ಹೇಳು ಎನ್ನುತ್ತದೆ. ವಿದ್ವಾಂಸರೂ ಇದನ್ನು ಹಗುರವಾಗಿ ಕಾಣಲಿಲ್ಲ. ಆಲಂಕಾರಿಕನಾದ ದಂಡಿ ‘ಕಾವ್ಯಾದರ್ಶ’ದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು ಲೆಕ್ಕ ಹಾಕಿದ್ದಾನೆ. 64 ಕಲೆಗಳ ಪಟ್ಟಿಯಲ್ಲೂ ಪ್ರಹೇಳಿಕೆಗೆ ಸ್ಥಾನವಿದೆ.

ಕತೆಯಲ್ಲಿ ಒಗಟು ಏನು ಮಾಡುತ್ತದೆಂದು ತಿಳಿಯಲು ಮಹಾಭಾರತದ ಯಕ್ಷಪ್ರಶ್ನೆಯನ್ನೇ ನೋಡಬಹುದು. ತಾಳಮದ್ದಳೆ, ಯಕ್ಷಗಾನಗಳನ್ನು ಕೇಳಿ ನೋಡಿ ಬೆಳೆದ ಈ ಊರಿಗೆ ಅದನ್ನು ವಿವರಿಸಬೇಕಿಲ್ಲ. ಕೊಳದ ದಡಕ್ಕೆ ಒಬ್ಬರ ಹಿಂದೆ ಒಬ್ಬರಂತೆ ನಾಲ್ವರು ತಮ್ಮಂದಿರು ಬರುತ್ತಾರೆ. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು, ಆಮೇಲೆ ನೀರು ಕುಡಿ ಎಂಬ ದನಿ ಕೇಳುತ್ತದೆ. ಬಾಯಾರಿಕೆಯ ಅವಸರದಲ್ಲಿ ನಾಲ್ವರೂ ನೀರಿಗೆ ಕೈಯೊಡ್ಡಿ ಬೀಳುತ್ತಾರೆ. ಧರ್ಮರಾಯನಿಗೂ ಅಷ್ಟೇ ಬಾಯಾರಿಕೆ. ಆದರೆ ಆತ ನಿಂತ. ಕೊನೆಗೆ ಒಬ್ಬ ತಮ್ಮನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದಾಗ ಭೀಮನನ್ನೋ ಅರ್ಜುನನನ್ನೋ ಕೇಳದೆ ನಕುಲನನ್ನು ಕೇಳಿದ. ಕುಂತಿಗೆ ನಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂಬುದು ಅವನ ನ್ಯಾಯ. ಮೊದಲು ಹೊಳೆಯುವ ಉತ್ತರವನ್ನು ದಾಟಿ ಹೋದದ್ದರಿಂದಲೇ ನಾಲ್ವರೂ ಬದುಕಿದರು.

ಇನ್ನು ಪಾಠದ ಮಾತು. ಲೆಕ್ಕವೆಂದರೆ ಭಯಪಡುವ ಮಕ್ಕಳ ತಾಯ್ತಂದೆಯರು ಇಲ್ಲಿದ್ದಾರೆ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸ ‘ಗಣಿತಸಾರಸಂಗ್ರಹ’ವನ್ನು ಬರೆದ. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಅದರಲ್ಲಿನ ಲೆಕ್ಕಗಳು ಬಹುಪಾಲು ಒಗಟುಗಳೇ. ಒಂದರ ಸಾರ ಹೀಗಿದೆ: ಮೂವರು ವರ್ತಕರು ದಾರಿಯಲ್ಲಿ ಒಂದು ಹಣದ ಚೀಲ ಕಂಡರು. ಈ ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನಲ್ಲಿರುತ್ತದೆ ಎಂದ ಮೊದಲನೆಯವ. ನನಗೆ ಸಿಕ್ಕರೆ ಉಳಿದಿಬ್ಬರ ಮೂರರಷ್ಟು ಎಂದ ಎರಡನೆಯವ. ನನಗಾದರೆ ಐದರಷ್ಟು ಎಂದ ಮೂರನೆಯವ. ಚೀಲದಲ್ಲಿ ಎಷ್ಟಿತ್ತು? ಒಬ್ಬೊಬ್ಬರ ಕೈಯಲ್ಲಿ ಎಷ್ಟಿತ್ತು?

ಉತ್ತರವನ್ನು ನಾನು ಹೇಳುವುದಿಲ್ಲ, ದಾರಿ ಮಾತ್ರ ತೋರಿಸುತ್ತೇನೆ. ಮೊದಲನೆಯವನ ಮಾತಿನಂತೆ ಚೀಲವೂ ಅವನೂ ಸೇರಿ ಎರಡು ಪಾಲು, ಉಳಿದಿಬ್ಬರು ಒಂದು ಪಾಲು. ಅಂದರೆ ಆ ಇಬ್ಬರ ಹಣ ಎಲ್ಲ ಹಣದ ಮೂರನೆಯ ಒಂದು ಭಾಗ. ಉಳಿದ ಎರಡು ಮಾತುಗಳನ್ನೂ ಹೀಗೆಯೇ ಬಿಡಿಸಿ. ಎಲ್ಲ ಹಣವೂ ಸೇರಿ 24 ಎಂದು ಹಿಡಿದುಕೊಂಡರೆ ಕೆಲಸ ಸುಲಭ. ರಾತ್ರಿ ಊಟವಾದ ಮೇಲೆ ಮಕ್ಕಳೊಡನೆ ಕುಳಿತು ಮಾಡಿ ನೋಡಿ. ಮಗು ಒಂದು ಸಂಖ್ಯೆ ಹೇಳಲಿ. ಅದು ಮೊದಲನೆಯವನಿಗೆ ಒಪ್ಪಿ ಎರಡನೆಯವನಿಗೆ ಒಪ್ಪದಿದ್ದರೆ ‘ಅಲ್ಲ’ ಎಂದು ತಾನೇ ಕಂಡುಕೊಳ್ಳಲಿ. ತಪ್ಪಿದ ಉತ್ತರಕ್ಕೆ ಬೈಗುಳವಿಲ್ಲದ ಜಾಗವೆಂದರೆ ಒಗಟು. ಅದಕ್ಕಾಗಿಯೇ ಮಗು ಅಲ್ಲಿ ಧೈರ್ಯವಾಗಿ ಕಲಿಯುತ್ತದೆ.

ನಮ್ಮ ಚೆನ್ನೆಮಣೆಯೂ ಇಂಥದೇ ಶಾಲೆ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಹೊಲದ ಕೆಲಸ ನಿಂತು ಮಳೆ ಸುರಿಯುವ ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಯುವ ಈ ಮಣೆಯಲ್ಲಿ ಕಾಯಿ ಎತ್ತುವ ಮೊದಲೇ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಮನಸ್ಸಿನಲ್ಲೇ ನೋಡಬೇಕು. ಆದರೆ ತುಳುವರು ಆಟವನ್ನು ಬರಿಯ ಆಟವೆಂದು ನಂಬಿದವರಲ್ಲ. ಸಿರಿ ಪಾಡ್ದನದ ಅವಳಿ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಮಣೆಯಿಂದ ಹೊಡೆದು ಇನ್ನೊಬ್ಬಳನ್ನು ಕೊಂದು, ದುಃಖದಿಂದ ತಾನೂ ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ 1990ರಲ್ಲಿ ಧ್ವನಿಮುದ್ರಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಕೃತಿ ಅದು. ಗೆಲ್ಲುವ ಆತುರ ಯೋಚನೆಯನ್ನು ನುಂಗಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಎಚ್ಚರಿಕೆ ಬೇಕಿಲ್ಲ.

ಕೊನೆಯದಾಗಿ, ಮನೆಬಾಗಿಲಿಗೇ ಬಂದಿರುವ ಒಗಟೊಂದನ್ನು ನೆನಪಿಸುತ್ತೇನೆ. ಉಳ್ಳಾಲ, ಮೊಗವೀರಪಟ್ಣ, ಸೋಮೇಶ್ವರದ ಜನರಿಗೆ ಕಡಲ್ಕೊರೆತವೆಂದರೆ ಪತ್ರಿಕೆಯ ಸುದ್ದಿಯಲ್ಲ. ಮನೆ, ತೆಂಗಿನಮರ, ರಸ್ತೆಗಳನ್ನು ಕಣ್ಣೆದುರೇ ಕಳೆದುಕೊಂಡ ಅನುಭವ. ಕಡಲು ಕೊರೆಯುತ್ತದೆಯೇ, ಕಲ್ಲು ಹಾಕಿ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಕಲ್ಲು ಹಾಕಿದಲ್ಲಿ ಅಲೆ ಸ್ವಲ್ಪ ತಣಿಯಬಹುದು. ಆದರೆ ಮರಳು ಒಂದೆಡೆ ನಿಲ್ಲುವ ವಸ್ತುವಲ್ಲ, ಅದು ತೀರದುದ್ದಕ್ಕೂ ಸಾಗುತ್ತಿರುತ್ತದೆ. ಅದರ ದಾರಿಯನ್ನು ಇಲ್ಲಿ ತಡೆದರೆ ಪಕ್ಕದ ತೀರ ಮರಳಿಲ್ಲದೆ ಬಡವಾಗುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ಬ್ರೇಕ್‌ವಾಟರ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಉಳ್ಳಾಲದ ತೀರವನ್ನು ಅರ್ಥಮಾಡಿಕೊಳ್ಳಲಾಗದು. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ನೆರವು ಒಪ್ಪಿದ ತೀರರಕ್ಷಣಾ ಯೋಜನೆಯಲ್ಲಿ ಅಲೆಯ ಬಲವನ್ನು ದಡಕ್ಕೆ ಮೊದಲೇ ಮುರಿಯುವ, ನೀರಿನೊಳಗಿನ ಕೃತಕ ರೀಫ್‌ಗಳಿಗೆ ಇಲ್ಲಿ ಕೈಹಾಕಿದ್ದು ಹೊಸದೊಂದು ಉತ್ತರವನ್ನು ಹುಡುಕುವ ಪ್ರಯತ್ನವೇ. ಅದೂ ಎಲ್ಲ ಸುಳಿವುಗಳಿಗೆ ಒಪ್ಪುತ್ತದೆಯೇ ಎಂಬುದನ್ನು ಪ್ರತಿ ಮಳೆಗಾಲವೂ ಪರೀಕ್ಷಿಸುತ್ತದೆ. ಈ ಒಗಟನ್ನು ಬಿಡಿಸಬೇಕಾದವರು ಇಂದು ನಿಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳೇ ಇರಬಹುದು.

ಆದ್ದರಿಂದ ನನ್ನದೊಂದು ಸಣ್ಣ ಬೇಡಿಕೆ. ಪರೀಕ್ಷೆಯ ಹೊತ್ತಿನಲ್ಲಿ ಗೈಡುಗಳು ಉತ್ತರ ಕೊಡುತ್ತವೆ, ಮೊಬೈಲು ಕೇಳಿದೊಡನೆ ಉತ್ತರ ಕೊಡುತ್ತದೆ. ಮಗು ಒಂದು ಪ್ರಶ್ನೆ ತಂದಾಗ ನೀವೂ ಅಷ್ಟೇ ಬೇಗ ಉತ್ತರ ಕೊಟ್ಟುಬಿಡಬೇಡಿ. ಒಂದು ಸುಳಿವು ಕೊಡಿ, ಸ್ವಲ್ಪ ಕಾಯಿರಿ. ಅದು ತಪ್ಪಲಿ, ‘ಅಲ್ಲ’ ಎಂದುಕೊಳ್ಳಲಿ, ಮತ್ತೆ ಹುಡುಕಲಿ. ನಮ್ಮ ಅಜ್ಜಿಯಂದಿರು ಎದುರುಕತೆ ಹೇಳಿ ಸುಮ್ಮನೆ ಕುಳಿತುಕೊಳ್ಳುತ್ತಿದ್ದರಲ್ಲ, ಆ ಸುಮ್ಮನಿರುವಿಕೆಯೂ ಪಾಠದ ಭಾಗವೇ ಆಗಿತ್ತು.

 ವರ್ತಕರ ಹಣದ ಚೀಲವನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋಗಲು ಮರೆಯಬೇಡಿ.