ಕಾಡಿನ ಕೊಯ್ಲು, ಬಯಲಿನ ಹೊಣೆ
(ಉಪನ್ಯಾಸದ ಪಠ್ಯ)



ಮಂಡ್ಯ, ಮದ್ದೂರು, ಮಲವಳ್ಳಿ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಕಬ್ಬು, ಭತ್ತ ಮತ್ತು ನಾಲೆ. ಕಾಡು ಈ ಬಯಲಿಗೆ ಸಂಬಂಧಿಸಿದ ವಿಷಯವಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ವಿಶ್ವೇಶ್ವರಯ್ಯ ನಾಲೆಯ ನೀರು ಹುಟ್ಟುವುದು ಕೊಡಗಿನ ಮಳೆಕಾಡುಗಳ ಮಡಿಲಲ್ಲಿ. ಮಲವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತಣ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಭಾಗ. ಇವೆರಡಲ್ಲದೆ ಕಾಡು ಇನ್ನೊಂದು ದಾರಿಯಲ್ಲಿಯೂ ಬಯಲಿಗೆ ಬರುತ್ತದೆ. ನೆಲ್ಲಿ, ಸೀಗೆ, ಅಂಟುವಾಳ, ಜೇನು, ಮಾಕಳಿ ಬೇರುಗಳ ರೂಪದಲ್ಲಿ ಅದು ಸಂತೆಗೂ ಅಡುಗೆಮನೆಗೂ ತಲುಪುತ್ತದೆ.

ಕಾನೂನಿನ ಭಾಷೆಯಲ್ಲಿ ಇವೆಲ್ಲವೂ 'ಕಿರು ಅರಣ್ಯ ಉತ್ಪನ್ನ'ಗಳು. ಮರ ಕಡಿಯದೆ ದೊರೆಯುವುದರಿಂದ ಇವುಗಳ ಸಂಗ್ರಹದಿಂದ ಕಾಡಿಗೆ ಹಾನಿಯಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಇದು ಅರ್ಧ ಸತ್ಯ. ಗಿಡದ ಯಾವ ಭಾಗವನ್ನು, ಯಾವ ಕಾಲದಲ್ಲಿ, ಯಾವ ರೀತಿಯಲ್ಲಿ ತೆಗೆಯಲಾಗುತ್ತದೆ ಎಂಬುದರ ಮೇಲೆ ಪರಿಣಾಮ ನಿಂತಿದೆ. ಹಣ್ಣು ಕೊಯ್ದರೆ ಮರ ಉಳಿಯುತ್ತದೆ. ದೀರ್ಘಾಯುವಾದ ಮರವೊಂದು ತನ್ನ ಬಾಳಿನಲ್ಲಿ ಉದುರಿಸುವ ಸಾವಿರಾರು ಬೀಜಗಳಲ್ಲಿ ಕೆಲವೇ ಮೊಳೆತು ಮರವಾದರೂ ಸಂತತಿ ಮುಂದುವರಿಯುತ್ತದೆ. ತೊಗಟೆ ಸುಲಿದರೆ, ಅಂಟಿಗಾಗಿ ಗಾಯ ಮಾಡಿದರೆ ಮರ ಕ್ಷೀಣಿಸುತ್ತದೆ. ಬೇರನ್ನೇ ಅಗೆದರೆ ಉಳಿಯುವುದು ಬರಿಯ ಗುಂಡಿ.

ಹಣ್ಣಿನ ಕೊಯ್ಲು ಸಹ ಸದಾ ನಿರಪಾಯಕಾರಿಯಲ್ಲ ಎಂಬುದಕ್ಕೆ ಪಶ್ಚಿಮ ಘಟ್ಟದ ಉಪ್ಪಾಗೆ ಸಾಕ್ಷಿ. ಉತ್ತರ ಕನ್ನಡದ ಮನೆಗಳಲ್ಲಿ ಇದರ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ ಬಳಕೆಯಲ್ಲಿತ್ತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವು ದೇಹದ ತೂಕ ಇಳಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ಇದರ ಬೇಡಿಕೆ ಒಮ್ಮೆಗೇ ಏರಿತು. ತಾನು ಬಿಟ್ಟರೆ ಮತ್ತೊಬ್ಬರು ಕೊಯ್ಯುತ್ತಾರೆಂಬ ಆತಂಕದಲ್ಲಿ ಕಾಯಿ ಮಾಗುವ ಮೊದಲೇ ಕೊಯ್ಲು ನಡೆಯಿತು, ಕೊಂಬೆಗಳು ಮುರಿದವು. ಉಪ್ಪಾಗೆ ಮಳೆಗಾಲದ ಬೆಳೆಯಾದುದರಿಂದ ಸಿಪ್ಪೆ ಒಣಗಿಸಲು ಕಾಡಿನ ಸೌದೆಯೇ ಉರಿಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಔಷಧದಿಂದ ತೂಕ ಇಳಿದುದಕ್ಕೆ ಆಧಾರವಿಲ್ಲವೆಂದಿತು. ದೂರದ ಪೇಟೆಯೊಂದರ ನಂಬಿಕೆಗೆ ಘಟ್ಟದ ಮರ ಬೆಲೆ ತೆತ್ತಿತು.

ಮಲವಳ್ಳಿಗೆ ಸಮೀಪದ ಬಿಳಿಗಿರಿರಂಗನ ಬೆಟ್ಟದ ನೆಲ್ಲಿಯ ಕಥೆ ಬೇರೆ ಬಗೆಯದು. ಸೋಲಿಗರು ತಲೆಮಾರುಗಳಿಂದ ನೆಲ್ಲಿ ಕೊಯ್ದಿದ್ದಾರೆ. ಎಳೆಯ ನೆಲ್ಲಿ ಗಿಡಗಳು ಕಡಿಮೆಯಾಗುತ್ತಿರುವುದು ಕಂಡುಬಂದಾಗ ಮೊದಲ ಸಂಶಯ ಕೊಯ್ಲಿನ ಮೇಲೆಯೇ ಬಿದ್ದಿತು. ಆದರೆ ನೆಲವನ್ನು ಮುಚ್ಚಿದ ಲಂಟಾನ ಮತ್ತು ಮರವನ್ನು ಹೀರುವ ಬಂದಳಿಕೆಗಳ ಪಾಲೂ ದೊಡ್ಡದೆಂದು ಸಂಶೋಧನೆಗಳು ತೋರಿಸಿವೆ. ಹಿಂದೆ ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ಸಣ್ಣ ತರಗುಬೆಂಕಿ ಇವೆರಡನ್ನೂ ಹತೋಟಿಯಲ್ಲಿಟ್ಟಿತ್ತು ಎಂಬುದು ಸೋಲಿಗರ ಅನುಭವ. ಆದ್ದರಿಂದ ಸಂಗ್ರಹವನ್ನು ನಿಷೇಧಿಸಿದ ಮಾತ್ರಕ್ಕೆ ಕಾಡು ಚೇತರಿಸಿಕೊಳ್ಳುತ್ತದೆಂದು ಭಾವಿಸುವುದು ಅವೈಜ್ಞಾನಿಕ.

ಇನ್ನು ಮಾಕಳಿ ಬೇರು. ಕೆಲವೆಡೆ ಮಾಗಳಿ ಎಂದೂ ಕರೆಯುವ ಇದು ದಕ್ಷಿಣ ಭಾರತದ ಒಣ ಬೆಟ್ಟಗಳ ಕಲ್ಲುಸಂದಿಗಳಲ್ಲಿ ಹಬ್ಬುವ ಬಳ್ಳಿ; ಪ್ರಪಂಚದ ಬೇರೆಡೆ ಇದರ ಸಹಜ ನೆಲೆಯಿಲ್ಲ. ಸಿಪ್ಪೆ ಹೆರೆದು, ನಡುವಿನ ನಾರನ್ನು ತೆಗೆದು, ನಿಂಬೆರಸದಲ್ಲೋ ಮಜ್ಜಿಗೆಯಲ್ಲೋ ನೆನೆಸಿದ ಉಪ್ಪಿನಕಾಯಿಯನ್ನು ಹಳೇ ಮೈಸೂರು ಸೀಮೆಯವರಿಗೆ ಪರಿಚಯಿಸಬೇಕಿಲ್ಲ. ತಿಗಣೆಯ ವಾಸನೆಯೆಂದು ಮೂಗು ಮುರಿಯುವವರೂ ಉಂಟು, ಅದಿಲ್ಲದೆ ಮೊಸರನ್ನ ಸೇರದವರೂ ಉಂಟು. ಸೊಗದೆ ಬೇರಿಗೆ ಬದಲಾಗಿ ಔಷಧ ವ್ಯಾಪಾರದಲ್ಲಿಯೂ ಇದು ಮಾರಾಟವಾಗುತ್ತದೆ. ಬೇರು ದಪ್ಪವಾಗಲು ವರ್ಷಗಳೇ ಬೇಕು. ಅಗೆಯಲು ಒಂದು ಗಳಿಗೆ ಸಾಕು. ಬೀಜ ಗಾಳಿಯಲ್ಲಿ ತೇಲಿಹೋಗುವ ಮೊದಲೇ ಬಳ್ಳಿ ಕಿತ್ತುಹೋದರೆ ಮುಂದಿನ ಪೀಳಿಗೆಯೇ ಇಲ್ಲ. ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿ ಇದರ ಹೆಸರು ಸೇರಿರುವುದು ಆಕಸ್ಮಿಕವಲ್ಲ.

ಹಾಗೆಂದು ದೋಷವನ್ನು ಅಗೆಯುವವನ ಮೇಲೆ ಹೊರಿಸುವುದು ನ್ಯಾಯವಲ್ಲ. 2002ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಭಯಾರಣ್ಯಗಳಿಂದ ಮಾರಾಟಕ್ಕಾಗಿ ಸಂಗ್ರಹಿಸುವುದನ್ನು ತಡೆಯಿತು. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಉತ್ಪನ್ನಗಳ ಮೇಲಿನ ಹಕ್ಕನ್ನು ಅರಣ್ಯವಾಸಿಗಳಿಗೆ ಮಾನ್ಯ ಮಾಡಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ನಾಳೆಯೂ ಈ ಕಾಡು ತನ್ನದೇ ಎಂಬ ಭರವಸೆ ಇದ್ದವನಿಗೆ ಮಾತ್ರ ಕಾಯಿ ಮಾಗುವವರೆಗೆ ಕಾಯುವ ಧೈರ್ಯ ಬರುತ್ತದೆ. ಉಪ್ಪಾಗೆಯ ಪಾಠವೂ ಇದೇ.

ಬಯಲಿನ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ಬೇರನ್ನು ಕೊಳ್ಳುವವರು ಅದು ಎಲ್ಲಿಯದೆಂದು ಕೇಳಬೇಕು. ನಾಲೆಯ ನೀರು ತಲುಪದ ಮಲವಳ್ಳಿಯ ರಾಗಿ ಹೊಲಗಳ ಬದುಗಳಲ್ಲಿ, ಬೇಲಿಸಾಲಿನಲ್ಲಿ ಮಾಕಳಿಯನ್ನು ಬೆಳೆಸಿ ನೋಡಬೇಕು. ಬಳ್ಳಿಗೆ ಆಸರೆ, ಬಸಿಯುವ ಮಣ್ಣು ಮತ್ತು ತಾಳ್ಮೆ ಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ಬೇರಿನ ಪರಿಮಳದ ಬಗೆಗೂ ಅಂಗಾಂಶ ಕೃಷಿಯ ಬಗೆಗೂ ಸಂಶೋಧನೆ ನಡೆಸಿದೆ. ಆ ಜ್ಞಾನ ರೈತನ ಹೊಲಕ್ಕೆ ಇಳಿಯಬೇಕು. ಆದರೆ ಹೊಲದ ಬೇರಿನ ಲಾಭ ಬಯಲಿಗಷ್ಟೇ ದಕ್ಕಿ, ಬೆಟ್ಟದ ಸಂಗ್ರಹಕಾರ ಬರಿಗೈಯಾಗಬಾರದು. ಸಸಿ ಬೆಳೆಸುವ ಕೆಲಸ ಅವನ ಊರಿನಲ್ಲಿಯೇ ಆಗಲಿ.

ಹಣ್ಣಾದರೆ ಮಿತಿಯರಿತು ಕೊಯ್ಯಬಹುದು. ಬೇರಾದರೆ ಬೆಳೆದು ಅಗೆಯಬೇಕು. ಉಪ್ಪಿನಕಾಯಿಯ ಜಾಡಿ ತುಂಬುವಾಗ ಈ ವ್ಯತ್ಯಾಸ ನೆನಪಿನಲ್ಲಿದ್ದರೆ, ಮಾಕಳಿಯ ಬಳ್ಳಿ ಕಲ್ಲುಗುಡ್ಡದ ಮೇಲೆ ಇನ್ನೂ ಹಲವು ಮಳೆಗಾಲ ಚಿಗುರೀತು.