ತನಗೆ ತಾನು ಬೇಕಾದವಳು



ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸುತ್ತಿನ ಹಳ್ಳಿಗಳಲ್ಲಿ ಒಂದು ಮಾತು ರೂಢಿಯಲ್ಲಿದೆ: ‘ಗಂಡ ಬಿಟ್ಟಾಕಿ’. ವ್ಯಾಕರಣದ ದೃಷ್ಟಿಯಿಂದ ಇದು ವಿಚಾರಾರ್ಹವಾದ ಮಾತು. ಗಂಡನು ಯಾರನ್ನು ಬಿಟ್ಟನೋ ಆಕೆ ಎಂದೂ ಇದಕ್ಕೆ ಅರ್ಥ ಹೇಳಬಹುದು. ಗಂಡನನ್ನು ಯಾರು ಬಿಟ್ಟಳೋ ಆಕೆ ಎಂದೂ ಹೇಳಬಹುದು. ದ್ವಿತೀಯಾ ವಿಭಕ್ತಿಯ ಪ್ರತ್ಯಯ ಲೋಪವಾದುದರಿಂದ ಕರ್ತೃ ಯಾರು, ಕರ್ಮ ಯಾವುದು ಎಂಬುದು ಮಾತಿನಿಂದ ತಿಳಿಯುವುದಿಲ್ಲ. ತಿಳಿದುಕೊಳ್ಳಬೇಕೆಂಬ ಅಪೇಕ್ಷೆ ಊರಿಗೂ ಇಲ್ಲ. ಕುಡಿದು ಹೊಡೆಯುವವನ ಕೈಯಿಂದ ಜೀವ ಉಳಿಸಿಕೊಂಡು ಬಂದವಳೂ, ಮತ್ತೊಬ್ಬಳಿಗಾಗಿ ಹೊರದೂಡಲ್ಪಟ್ಟವಳೂ ಒಂದೇ ಹೆಸರಿನೊಳಗೆ ಅಡಗಿಹೋಗುತ್ತಾರೆ. ಗಂಡಸಿನ ವಿಷಯದಲ್ಲಿಯೂ ಇಂಥ ಮಾತು ಆಗೀಗ ಕೇಳಿಬರುವುದುಂಟು. ಆದರೆ ಅದು ಅವನಿಗೆ ಜೀವಮಾನದ ಹೆಸರಾಗಿ ಅಂಟಿಕೊಳ್ಳುವುದಿಲ್ಲ.

ಊರು ಕರೆದ ಹೆಸರಿಗಿಂತ ಹೆಚ್ಚಿನ ಕೇಡು ಬೇರೊಂದಿದೆ. ಆ ಹೆಸರನ್ನು ಅವಳು ತಾನೇ ನಂಬತೊಡಗುವುದು. ಅಂಥ ಒಬ್ಬಳನ್ನು ಕಲ್ಪಿಸಿಕೊಳ್ಳಿ. ಎರೆಯ ಹೊಲದ ಸೀಮೆಯ ಹುಡುಗಿ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ತವರಿಗೆ ಮರಳಿದ್ದಾಳೆ. ತವರಿನವರು ಕಟುಕರೇನಲ್ಲ. ಬಾಣಂತನಕ್ಕೆ ಬಂದಿದ್ದರೆ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಸಂಭ್ರಮದಿಂದ ತರಿಸುತ್ತಿದ್ದ ಮನೆಯೇ ಅದು. ಆದರೆ ಬರಿಗೈಯಲ್ಲಿ ಬಂದವಳನ್ನು ಎಲ್ಲಿ ಕೂಡ್ರಿಸಬೇಕೆಂಬುದು ಅವರಿಗೆ ತಿಳಿಯದು. ಅವಳು ಕಳೆ ತೆಗೆಯುತ್ತಾಳೆ, ಮೆಣಸಿನಕಾಯಿ ಬಿಡಿಸುತ್ತಾಳೆ, ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುತ್ತಾಳೆ. ಮುಂದೊಂದು ದಿನ ಯಾರೋ ಒಬ್ಬನು ಎರಡು ಸವಿಮಾತು ಆಡುತ್ತಾನೆ. ಬಾಯಾರಿದವರು ನೀರಿನ ತಿಳಿ–ಬಗ್ಗಡವನ್ನು ನೋಡುವುದಿಲ್ಲ. ಅವನನ್ನೂ ನಂಬುತ್ತಾಳೆ. ಊರಿನ ಬಾಯಿಗೆ ಅಂಜಿ ಅವನೂ ಹಿಂದೆ ಸರಿಯುತ್ತಾನೆ. ಮೊದಲ ಸಲ ‘ನನ್ನ ದೈವ’ ಎಂದವಳು ಎರಡನೆಯ ಸಲ ‘ನನ್ನಲ್ಲೇ ಏನೋ ಐಬು ಐತಿ’ ಎನ್ನುತ್ತಾಳೆ. ಈ ಎರಡನೆಯ ಮಾತೇ ಇಂದಿನ ನನ್ನ ಭಾಷಣದ ವಿಷಯ.

ನಮ್ಮ ಸಮಾಜ ಇಂಥ ಹೆಣ್ಣಿಗೆ ದಾರಿಯನ್ನೇ ಇಟ್ಟಿರಲಿಲ್ಲ ಎಂದರೆ ತಪ್ಪಾದೀತು. ಉತ್ತರ ಕರ್ನಾಟಕದ ಅನೇಕ ಒಕ್ಕಲುತನದ ಸಮುದಾಯಗಳಲ್ಲಿ ಹಿರಿಯರ ಮುಂದೆ ಬಿಡುಗಡೆ ಪಡೆಯುವ ಪದ್ಧತಿಯಿತ್ತು, ‘ಉಡಿಕಿ’ಯೆಂಬ ಮರುಮದುವೆಯಿತ್ತು. 1955ರ ಹಿಂದೂ ವಿವಾಹ ಕಾಯಿದೆಯೂ ತನ್ನ 29ನೆಯ ಕಲಮಿನಲ್ಲಿ ಇಂಥ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿತು. ಇದು ಸಣ್ಣ ಔದಾರ್ಯವಲ್ಲ. ಆದರೆ ಒಬ್ಬ ಗಂಡಸಿನಿಂದಾದ ನೋವಿಗೆ ಇನ್ನೊಬ್ಬ ಗಂಡಸೇ ಮದ್ದು ಎಂಬುದು ಈ ಏರ್ಪಾಡಿನ ಒಳತರ್ಕ. ಮರುಮದುವೆ ಒಳ್ಳೆಯದಿರಬಹುದು. ಆದರೆ ತನ್ನ ಬೆಲೆಯನ್ನು ತಾನು ಅರಿಯದವಳು ಎರಡನೆಯ ಮನೆಗೂ ಹಳೆಯ ಅಂಜಿಕೆಯನ್ನೇ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆ.

ಈ ಅರಿವಿನ ಮಾದರಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹರಿಹರ ಕವಿಯು ತನ್ನ ರಗಳೆಯಲ್ಲಿ ಮಹಾದೇವಿಯಕ್ಕನ ಕಥೆಯನ್ನು ಹೇಳುತ್ತಾನೆ. ಅಕ್ಕನಿಗೆ ಮದುವೆಯಾಗಿತ್ತೋ ಇಲ್ಲವೋ ಎಂಬ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ಇದೆ, ಹರಿಹರನಂತೂ ಆಯಿತೆನ್ನುತ್ತಾನೆ. ಅಲ್ಲಿ ಮಹಾದೇವಿ ಕೌಶಿಕ ರಾಜನಿಗೆ ನಿಬಂಧನೆಗಳನ್ನು ಹಾಕಿ ಕೈಹಿಡಿಯುತ್ತಾಳೆ. ಅವನು ಮೂರು ಸಲ ಅವನ್ನು ಮೀರಿದಾಗ ಅರಮನೆಯನ್ನು ಬಿಟ್ಟು ಹೊರಡುತ್ತಾಳೆ. ಅವಳ ದಾರಿ ಭಕ್ತಿಯ ದಾರಿ. ಚೆನ್ನಮಲ್ಲಿಕಾರ್ಜುನನ ಕಡೆಗೆ ಹೋಗುವ ದಾರಿ. ಎಲ್ಲರೂ ಆ ದಾರಿ ಹಿಡಿಯಲಾರರು. ಆದರೆ ತನ್ನ ಮೇರೆ ಎಲ್ಲಿದೆಯೆಂದು ಆಕೆಗೆ ಮೊದಲೇ ತಿಳಿದಿತ್ತು. ಆ ಮೇರೆ ದಾಟಿದ್ದನ್ನು ಆಕೆ ಎಣಿಸಿದಳು. ಹೊಲದ ಬದುವನ್ನು ಕಾಯುವ ರೈತರ ಹೆಣ್ಣುಮಕ್ಕಳಿಗೆ ಇದು ತಿಳಿಯದ ವಿದ್ಯೆಯಲ್ಲ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭು ‘ನಿನ್ನ ಪತಿ ಯಾರು’ ಎಂಬ ಪ್ರಶ್ನೆಯಿಂದಲೇ ಎದುರುಗೊಂಡನೆಂದು ಶೂನ್ಯಸಂಪಾದನೆ ಹೇಳುತ್ತದೆ. ಊರಿನ ಕಟ್ಟೆಯ ಮೇಲಿನ ಪ್ರಶ್ನೆಯೂ ಅದೇ. ಅಲ್ಲಮನು ಪರೀಕ್ಷಿಸಲು ಕೇಳಿದನು. ಕಟ್ಟೆಯವರು ತೀರ್ಪು ಕೊಟ್ಟ ಮೇಲೆ ಕೇಳುತ್ತಾರೆ.

ತನ್ನನ್ನು ತಾನು ಪ್ರೀತಿಸುವುದು ಅಹಂಕಾರವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಬೃಹದಾರಣ್ಯಕ ಉಪನಿಷತ್ತಿನ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಗಂಡನಾಗಲಿ ಹೆಂಡತಿಯಾಗಲಿ ಪ್ರಿಯರಾಗುವುದು ಆತ್ಮದ ಸಲುವಾಗಿಯೇ ಎಂದು ಯಾಜ್ಞವಲ್ಕ್ಯನು ಮೈತ್ರೇಯಿಗೆ ಬೋಧಿಸಿದನಷ್ಟೆ. ಆ ಬೋಧೆ ನಡೆದುದು ಅವನು ಮನೆಯನ್ನು ಬಿಟ್ಟು ಹೊರಟ ಹೊತ್ತಿನಲ್ಲಿ. ಆಸ್ತಿಯ ಪಾಲಿಗಿಂತ ಅರಿವನ್ನು ಬೇಡಿದವಳು ಮೈತ್ರೇಯಿ. ಅಲ್ಲಿಯ ‘ಆತ್ಮ’ವು ನಮ್ಮ ನಿತ್ಯದ ‘ನಾನು’ ಅಲ್ಲವೆಂಬುದು ನಿಜ. ಆದರೂ, ತನ್ನನ್ನೇ ಹಗೆಯಾಗಿ ಕಾಣುವವರಿಗೆ ಲೋಕವು ಪ್ರಿಯವಾಗಲಾರದು ಎಂಬಷ್ಟನ್ನಾದರೂ ನಾವು ಅದರಿಂದ ಕಲಿಯಬಹುದು.

ನಮ್ಮದೇ ಸೀಮೆಯ ಒಂದು ದೃಷ್ಟಾಂತ ಹೇಳುತ್ತೇನೆ. ಅದು ಪ್ರೇಮದ ವಿಷಯವಲ್ಲ, ಕಂಠದ ವಿಷಯ. 1913ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತವರು. ಮೊದಲು ತೆಳುವಾಗಿದ್ದ ಅವರ ದನಿ, ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಡುಸಾಯಿತು, ಕೇಳಿದವರು ಗಂಡುದನಿಯೆಂದರು. ಹಳೆಯ ದನಿಗಾಗಿ ಕೊರಗುತ್ತ ಕೂಡ್ರಬಹುದಿತ್ತು. ಅವರು ಉಳಿದ ದನಿಯನ್ನೇ ತನ್ನದೆಂದು ಒಪ್ಪಿ, ಗುರುಗಳು ಕೊಟ್ಟ ಒಂದೊಂದು ಪಲುಕನ್ನು ತಿದ್ದಿ ತೀಡಿ, ಕಿರಾಣಾ ಘರಾಣೆಯ ಗಾಯನಕ್ಕೆ ಹೊಸ ಗಾಂಭೀರ್ಯ ತಂದರು. ತನ್ನನ್ನು ಪ್ರೀತಿಸುವುದೆಂದರೆ ಕನ್ನಡಿಯ ಮುಂದೆ ಮೈಮರೆಯುವುದಲ್ಲ. ಆದ ಗಾಯದ ಆಚೆಗೆ ಉಳಿದಿರುವುದನ್ನು ತನ್ನದೆಂದು ಒಪ್ಪಿ ಅದರ ಮೇಲೆ ದುಡಿಯುವುದು.

ಈ ದುಡಿಮೆ ಎಲ್ಲಿಂದ ಆರಂಭವಾಗಬೇಕು? ಚಿಕ್ಕ ಸಂಗತಿಗಳಿಂದ. ಬಿಸಿ ರೊಟ್ಟಿ ತನ್ನ ತಾಟಿಗೂ ಬೀಳಲಿ. ದುಡಿದ ಹಣ ತನ್ನ ಹೆಸರಿನ ಪಾಸ್‌ಬುಕ್ಕಿಗೆ ಸೇರಲಿ. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳು ಅನೇಕ ಹೆಣ್ಣುಮಕ್ಕಳಿಗೆ ಇಂಥ ಉಳಿತಾಯದ ರೂಢಿಯನ್ನು ಕಲಿಸಿವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲೆಂದು ಕರ್ನಾಟಕವು 1994ರಲ್ಲಿ, ಇಡೀ ದೇಶವು 2005ರಲ್ಲಿ ಕಾಯಿದೆ ಮಾಡಿದವು. ಆದುದರಿಂದ ತವರಿನಲ್ಲಿ ಅವಳು ಹಂಗಿನ ಅತಿಥಿಯಲ್ಲ. 2005ರ ಕೌಟುಂಬಿಕ ದೌರ್ಜನ್ಯದ ಕಾಯಿದೆಯು ಮದುವೆಯಂಥ ಸಂಬಂಧದಲ್ಲಿ ಬಾಳಿದವಳಿಗೂ ರಕ್ಷಣೆ ಕೊಡುತ್ತದೆ. ಕಾಯಿದೆಯು ಪ್ರೀತಿಯನ್ನು ಕಲಿಸಲಾರದು, ನಿಜ. ಆದರೆ ನಿಲ್ಲಲು ನೆಲವಿದ್ದರೆ ಬೆನ್ನು ನೆಟ್ಟಗಾಗುತ್ತದೆ.

ಕಠಿಣವಾದ ಭಾಗ ಇನ್ನೊಂದಿದೆ. ನಂಬಿದ ತಪ್ಪಿಗಾಗಿ ಅವಳು ತನ್ನನ್ನು ಕ್ಷಮಿಸಿಕೊಳ್ಳಬೇಕು. ವಂಚಿಸಿದವನ ಪಾಪ ವಂಚಿಸಿದವನದು. ನಂಬಿದ್ದು ಐಬಲ್ಲ, ನಂಬಬಲ್ಲ ಹೃದಯ ತನ್ನಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಯಾರಾದರೂ ಸವಿಮಾತಾಡಿದರೆ ಅವಳು ಬೇಡವೆನ್ನಬಹುದು, ತಾಳಿ ನೋಡಬಹುದು, ಮನಸ್ಸೊಪ್ಪಿದರೆ ಹೂಂ ಎನ್ನಲೂಬಹುದು. ಮೂರೂ ಅವಳದೇ ನಿರ್ಧಾರಗಳಾದಾಗ ಮಾತ್ರ ಅವಳು ಗುಣವಾದಳೆನ್ನಬೇಕು.

ಶ್ರೋತೃಗಳೇ, ಇದರಲ್ಲಿ ನಮ್ಮ ಪಾಲಿನ ಕರ್ತವ್ಯವೂ ಇದೆ. ಅಂಥವಳು ಹಗೇವಿನಂತೆ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಒಳಗಿಟ್ಟುಕೊಂಡು ಬಾಳಬೇಕಾಗಿಲ್ಲ. ಮನೆಗೆ ಬಂದವಳನ್ನು ‘ಯಾಕ ಬಂದಿ’ ಎಂದು ಕೇಳುವ ಬದಲು ‘ಉಂಡಿಯೇನವಾ’ ಎಂದು ಕೇಳೋಣ. ಊರಿಟ್ಟ ಹೆಸರನ್ನು ಕೈಬಿಟ್ಟು, ಅವಳ ತಾಯಿತಂದೆ ಇಟ್ಟ ಹೆಸರಿನಿಂದ ಕರೆಯೋಣ. ಉಳಿದುದನ್ನು ಅವಳೇ ಮಾಡಿಕೊಂಡಾಳು.