ಸಂಬಳ ಬಿಟ್ಟು ಅಚ್ಚುಕೂಟ ಇಟ್ಟ ಮೇಷ್ಟ್ರು

(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣ)

ಭಾಷಾಭಿಮಾನ ಹೊಟ್ಟೆ ತುಂಬಿಸುತ್ತದೆಯೇ ಎಂದು ನಿಮ್ಮನ್ನು ಮನೆಯಲ್ಲೂ ಕೇಳುತ್ತಾರೆ, ಕಾಲೇಜಿನಲ್ಲೂ ಕೇಳುತ್ತಾರೆ. ನೀವು ಸುಮ್ಮನಾಗುತ್ತೀರಿ. ಇವತ್ತು ಒಬ್ಬ ಬಂಗಾಳಿ ಮೇಷ್ಟ್ರ ಕಥೆ ಹೇಳುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಹೇಳಿ.

ಅವರು ಈಶ್ವರಚಂದ್ರ ವಿದ್ಯಾಸಾಗರ. ವಿಧವಾ ವಿವಾಹಕ್ಕಾಗಿ ಹೋರಾಡಿದವರು ಎಂದು ಪಾಠದಲ್ಲಿ ಓದಿದ್ದೀರಿ. ಅವರು ಗಟ್ಟಿ ವ್ಯಾಪಾರಿಯೂ ಆಗಿದ್ದರು ಎಂಬುದನ್ನು ನಿಮಗೆ ಯಾರೂ ಹೇಳಿರಲಾರರು.

1820ರಲ್ಲಿ ಬೀರಸಿಂಹ ಎಂಬ ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದರು. 1841ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 50 ರೂಪಾಯಿ ಸಂಬಳದ ಪಂಡಿತರಾದರು. ಆಮೇಲೆ ಸಂಸ್ಕೃತ ಕಾಲೇಜು ಸೇರಿದರು. ಪಾಠಕ್ರಮ ಸುಧಾರಿಸಬೇಕೆಂದರು, ಮೇಲಿನವರು ಒಪ್ಪಲಿಲ್ಲ. 1847ರಲ್ಲಿ ರಾಜೀನಾಮೆ ಬಿಸಾಕಿ ಬಂದರು. ಹೊಟ್ಟೆಗೇನು ಮಾಡುತ್ತೀರಿ ಎಂದವರಿಗೆ, ತರಕಾರಿ ಮಾರಿಯಾದರೂ ಬದುಕುತ್ತೇನೆ ಎಂದರಂತೆ!

ಆದರೆ ಅವರು ಮಾರಿದ್ದು ಪುಸ್ತಕ. ಗೆಳೆಯ ಮದನಮೋಹನ ತರ್ಕಾಲಂಕಾರರ ಜೊತೆಗೂಡಿ, 600 ರೂಪಾಯಿ ಸಾಲ ಮಾಡಿ ಅಚ್ಚಿನ ಯಂತ್ರ ಕೊಂಡರು. ಕೃಷ್ಣನಗರದ ಅರಮನೆಯಿಂದ ಭಾರತಚಂದ್ರ ಕವಿಯ 'ಅನ್ನದಾಮಂಗಲ'ದ ಹಸ್ತಪ್ರತಿ ತರಿಸಿ, ತಿದ್ದಿ ಅಚ್ಚು ಹಾಕಿದರು. ಫೋರ್ಟ್ ವಿಲಿಯಂ ಕಾಲೇಜು 6 ರೂಪಾಯಿಯಂತೆ 100 ಪ್ರತಿ ಕೊಂಡಿತು. ನೀವೇ ಲೆಕ್ಕ ಹಾಕಿ. ಸಾಲ ತೀರಿತು!

ಅಷ್ಟಕ್ಕೇ ನಿಲ್ಲಲಿಲ್ಲ. ಬೇರೆ ಲೇಖಕರ ಪುಸ್ತಕಗಳನ್ನೂ ಮಾರಿಕೊಡುವ ಮಳಿಗೆ ತೆರೆದರು. ಕೆಲಸ ಬೇಗ ಸಾಗಲೆಂದು ಬಂಗಾಳಿ ಅಚ್ಚುಮೊಳೆಗಳನ್ನು ಮನೆಗಳಲ್ಲಿ ಜೋಡಿಸಿಡುವ ಕ್ರಮವನ್ನೇ ಬದಲಿಸಿದರು. 1855ರಲ್ಲಿ ಮಕ್ಕಳಿಗಾಗಿ 'ವರ್ಣಪರಿಚಯ' ಬರೆದರು. ಬಳಕೆಯಲ್ಲಿಲ್ಲದ ಸ್ವರಗಳನ್ನು ಕೈಬಿಟ್ಟು ಅಕ್ಷರಮಾಲೆಯನ್ನು ಹಗುರ ಮಾಡಿದರು. ಆ ಪುಟ್ಟ ಪುಸ್ತಕ ಬಂಗಾಳದಲ್ಲಿ ಇಂದಿಗೂ ಅಚ್ಚಾಗುತ್ತಿದೆ.

ಈ ದುಡಿಮೆ ಅವರಿಗೆ ಕೊಟ್ಟಿದ್ದು ಬರೀ ದುಡ್ಡಲ್ಲ, ಬೆನ್ನುಮೂಳೆ. ಮತ್ತೆ ಸಂಸ್ಕೃತ ಕಾಲೇಜಿಗೆ ಬಂದು 1851ರಲ್ಲಿ ಪ್ರಿನ್ಸಿಪಾಲರಾಗಿದ್ದರು. ಆದರೂ ಮೇಲಧಿಕಾರಿಗಳೊಂದಿಗೆ ಸರಿಬೀಳದೆ 1858ರಲ್ಲಿ 500 ರೂಪಾಯಿ ಸಂಬಳದ ಹುದ್ದೆಯನ್ನು ಒದ್ದು ಬಂದರು. ಸ್ವಂತ ಅಚ್ಚುಕೂಟ ಇದ್ದವನು ಯಾರಿಗೆ ಅಂಜಬೇಕು?

ಗಳಿಸಿದ್ದನ್ನು ಏನು ಮಾಡಿದರು? 1857-58ರಲ್ಲಿ ಹಳ್ಳಿಗಳಲ್ಲಿ 35 ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಸರ್ಕಾರ ಮುಂದಿನ ಖರ್ಚಿಗೆ ಹಣವಿಲ್ಲ ಎಂದಾಗ ಚಂದಾ ಎತ್ತಿದರು, ಕೈಯಿಂದ ಹಾಕಿದರು. ಅವರು ಕಟ್ಟಿ ಬೆಳೆಸಿದ ಮೆಟ್ರೊಪಾಲಿಟನ್ ಸಂಸ್ಥೆ 1872ರಲ್ಲಿ ಕಾಲೇಜಾಯಿತು. ಇವತ್ತಿನ ವಿದ್ಯಾಸಾಗರ ಕಾಲೇಜು ಅದೇ. 1864ರಲ್ಲಿ ಫ್ರಾನ್ಸಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಉಪವಾಸ ಬಿದ್ದಿದ್ದ ಕವಿ ಮೈಕೇಲ್ ಮಧುಸೂದನ ದತ್ತರಿಗೆ ಸಾಲ ಎತ್ತಿಯಾದರೂ ಹಣ ಕಳಿಸಿದರು. ವಿಧವಾ ವಿವಾಹಗಳಿಗೆ ಸುರಿದು ಸುರಿದು ಸಾಲಗಾರರಾದರು. 1869ರಲ್ಲಿ ಅಚ್ಚುಕೂಟದ ಪಾಲನ್ನೇ ಮಾರಿದರು.

ಅವರು ಹಚ್ಚಿದ ದೀಪದ ಬೆಳಕು ನಮ್ಮ ಮನೆಗೂ ಬಿದ್ದಿದೆ. ಶೇಕ್ಸ್‌ಪಿಯರನ ನಾಟಕವೊಂದನ್ನು ಅವರು ಬಂಗಾಳಿಗೆ 'ಭ್ರಾಂತಿವಿಲಾಸ' ಎಂದು ತಂದರು. ನಮ್ಮ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಅದನ್ನು ಕನ್ನಡಕ್ಕೆ ತಂದರು. ಕನ್ನಡಿಗರು ಕಾದಂಬರಿ ಓದುವ ಚಟ ಹತ್ತಿಸಿಕೊಂಡಿದ್ದು ಇದೇ ವೆಂಕಟಾಚಾರ್ಯರ ಪುಸ್ತಕಗಳಿಂದ!

ಗೆಳೆಯರೇ, ಘೋಷಣೆ ಬೇಡ ಎನ್ನುವವನಲ್ಲ ನಾನು. ಆದರೆ ಘೋಷಣೆ ಕೂಗಿದ ಮರುದಿನ ಏನು ಮಾಡುತ್ತೀರಿ? ಕನ್ನಡದಲ್ಲೇ ಒಂದು ಕಸುಬು ಹಿಡಿಯಿರಿ. ಪುಸ್ತಕವೋ, ಪಾಠವೋ, ಸಿನಿಮಾವೋ, ಸಾಫ್ಟ್‌ವೇರೋ, ಏನಾದರೂ ಆಗಲಿ. ಮೋಸವಿಲ್ಲದೆ ಗಳಿಸಿ. ಗಳಿಸಿದ್ದರಲ್ಲಿ ಒಂದು ಪಾಲು ನೀವು ಓದಿದ ಊರಿನ ಸರ್ಕಾರಿ ಶಾಲೆಗೆ, ಒಂದು ಪಾಲು ಕಷ್ಟದಲ್ಲಿರುವ ಕಲಾವಿದನಿಗೆ ಎತ್ತಿಡಿ. ವಿದ್ಯಾಸಾಗರರು 600 ರೂಪಾಯಿ ಸಾಲದಿಂದ ಶುರುಮಾಡಿದರು. ನೀವು ಎಷ್ಟರಿಂದ ಶುರುಮಾಡುತ್ತೀರಿ, ಇವತ್ತೇ ಯೋಚಿಸಿ.